ತೊಟ್ಟಿಲಿಗೆ ಇಳಿಯದ ಹೆಸರು: ಪುಲಕೇಶಿ

ಇತಿಹಾಸವನ್ನು ಶಾಲೆಯ ಪಾಠಪುಸ್ತಕದಿಂದಾಚೆಗೆ ಓದದ ಕನ್ನಡಿಗರಿಗೂ ಇಮ್ಮಡಿ ಪುಲಕೇಶಿಯ ಹೆಸರು ತಿಳಿದಿದೆ. ಉತ್ತರಾಪಥೇಶ್ವರನಾದ ಹರ್ಷವರ್ಧನನನ್ನು ನರ್ಮದೆಯ ತೀರದಲ್ಲಿ ತಡೆದು ನಿಲ್ಲಿಸಿದ ಆ ಚಾಲುಕ್ಯ ಚಕ್ರವರ್ತಿಯನ್ನು ರಾಜ್ಯೋತ್ಸವದ ವೇದಿಕೆಯಲ್ಲಿ ನೆನೆಯದ ಭಾಷಣಕಾರರು ಕಡಮೆ; ಬೆಂಗಳೂರಿನ ಒಂದು ಬಡಾವಣೆಯೂ ಒಂದು ವಿಧಾನಸಭಾ ಕ್ಷೇತ್ರವೂ ಅವನ ಹೆಸರನ್ನು ಹೊತ್ತಿವೆ. ಇಷ್ಟಾದರೂ, ನಮ್ಮ ಯಾವುದಾದರೊಂದು ಶಾಲೆಯ ಹಾಜರಿ ಪುಸ್ತಕವನ್ನು ತೆರೆದು ನೋಡಿದರೆ ಹರ್ಷನೆಂಬ ಹುಡುಗ ಸಿಕ್ಕಾನು, ಪುಲಕೇಶಿ ಸಿಗುವುದು ಬಲು ವಿರಳ. ಸೋತವನ ಹೆಸರು ಗೆದ್ದವನ ನಾಡಿನ ಮನೆಮನೆಯಲ್ಲಿ ಉಳಿದು, ಗೆದ್ದವನ ಹೆಸರು ರಸ್ತೆಯ ಫಲಕವನ್ನು ಸೇರಿದ್ದು ವಿಚಿತ್ರವಲ್ಲವೆ?

ಇದಕ್ಕೆ ಕಾರಣವನ್ನು ಹುಡುಕಬೇಕಾದರೆ, ಆ ಹೆಸರು ಒಮ್ಮೆ ಹೇಗೆ ಕೈಯಿಂದ ಕೈಗೆ ದಾಟಿತೆಂಬುದನ್ನು ನೋಡಬೇಕು. ಶಕವರ್ಷ 465ರಲ್ಲಿ, ಅಂದರೆ ಕ್ರಿ.ಶ. 543ರಲ್ಲಿ, ಬಾದಾಮಿಯ ಬಂಡೆಯ ಮೇಲೆ ಕೋಟೆಯನ್ನು ಕಟ್ಟಿಸಿ ಅಶ್ವಮೇಧವನ್ನು ಆಚರಿಸಿದವನು ಮೊದಲನೆಯ ಪುಲಕೇಶಿ. ಅವನ ಮಗ ಕೀರ್ತಿವರ್ಮ. ಕೀರ್ತಿವರ್ಮನ ಮಗನೇ ಇಮ್ಮಡಿ ಪುಲಕೇಶಿ. ಈ ಎರಡನೆಯವನಿಗೆ ಮೊದಲು ಎರೆಯನೆಂಬ ಅಚ್ಚಗನ್ನಡದ ಹೆಸರಿದ್ದು, ಚಿಕ್ಕಪ್ಪನಾದ ಮಂಗಳೇಶನನ್ನು ಗೆದ್ದು ಪಟ್ಟವೇರಿದಾಗ ಅಜ್ಜನ ಹೆಸರನ್ನು ಧರಿಸಿದನೆಂದು ವಿದ್ವಾಂಸರು ಊಹಿಸುತ್ತಾರೆ. ಇಮ್ಮಡಿಯ ಮಗ ಜಯಸಿಂಹನ ಶಾಖೆ ಗುಜರಾತಿನ ನವಸಾರಿಯ ಕಡೆ ನೆಲೆಸಿತು; ಆ ಜಯಸಿಂಹನ ಮಗನಿಗೂ ಪುಲಕೇಶಿಯೆಂದೇ ಹೆಸರು. ಸಿಂಧಿನ ಕಡೆಯಿಂದ ನುಗ್ಗಿ ಬಂದ ಅರಬರ ಸೈನ್ಯವನ್ನು ಹಿಮ್ಮೆಟ್ಟಿಸಿ, ಬಾದಾಮಿಯ ದೊರೆಯಿಂದ ಬಿರುದುಗಳನ್ನು ಪಡೆದ ಈ ಅವನಿಜನಾಶ್ರಯ ಪುಲಕೇಶಿಯ ಕಥೆ ಸುಮಾರು 739ರ ನವಸಾರಿ ತಾಮ್ರಪಟದಲ್ಲಿದೆ. ಮೂವರೂ ಅಜ್ಜ ಮೊಮ್ಮಗರೆಂಬುದನ್ನು ಓದುಗರು ಗಮನಿಸಬೇಕು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ, ಇಂದಿಗೂ ನಮ್ಮ ಹಳ್ಳಿಗಳಲ್ಲಿ ಬಾಳಿರುವ ಪದ್ಧತಿಯಿಂದಲೇ ಈ ಹೆಸರು ಇನ್ನೂರು ವರ್ಷ ಜೀವಿಸಿತು.

ಅಲ್ಲಿಂದ ಮುಂದೆ ಸರಪಳಿ ಕಡಿಯಿತು. ಬಾದಾಮಿಯವರ ವಂಶಜರೆಂದು ಹೇಳಿಕೊಂಡ ಕಲ್ಯಾಣದ ಚಾಲುಕ್ಯರು ವಿಕ್ರಮಾದಿತ್ಯ, ಜಯಸಿಂಹ ಎಂಬ ಹೆಸರುಗಳನ್ನು ಮತ್ತೆ ಮತ್ತೆ ಇಟ್ಟುಕೊಂಡರು. ಇಮ್ಮಡಿ ಪುಲಕೇಶಿಯ ಬಿರುದಾದ ಸತ್ಯಾಶ್ರಯವನ್ನು ಸಹ ತೈಲಪನ ಮಗನಿಗೆ ಹೆಸರಾಗಿ ಇಟ್ಟರು. ಆದರೆ ಅವರ ಪಟ್ಟಾವಳಿಯಲ್ಲಿ ಪುಲಕೇಶಿಯೆಂಬ ಅರಸನೊಬ್ಬನೂ ಇಲ್ಲ. ಕಾರಣವನ್ನು ಯಾವ ಶಾಸನವೂ ಹೇಳುವುದಿಲ್ಲ. 642ರಲ್ಲಿ ಪಲ್ಲವ ನರಸಿಂಹವರ್ಮನು ವಾತಾಪಿಯನ್ನು, ಅಂದರೆ ಬಾದಾಮಿಯನ್ನು, ಹಿಡಿದಾಗ ಇಮ್ಮಡಿಯ ಆಳ್ವಿಕೆ ಅಂತ್ಯಗೊಂಡಿತಷ್ಟೆ. ಆ ಪತನದ ನೆನಪು ಹೆಸರಿಗೂ ಅಂಟಿಕೊಂಡಿರಬಹುದೆಂದು ನನಗೆ ಅನ್ನಿಸುತ್ತದೆ, ಸಾಧಿಸಿ ತೋರಿಸಲಾರೆ.

ಹೆಸರಿನ ಅರ್ಥದಲ್ಲಿಯೂ ಒಮ್ಮತವಿಲ್ಲ. ಹುಲಿಯ ಕೂದಲುಳ್ಳವನೆಂದು ಕೆಲವರು, ಮಹಾಸಿಂಹವೆಂದು ಕೆಲವರು ಹೇಳುತ್ತಾರೆ. ಶಾಸನಗಳಲ್ಲಿಯೇ ಪೊಲೆಕೇಶಿ, ಪುಲಿಕೇಶಿ, ಪುಲಕೇಶಿ ಎಂಬ ರೂಪಗಳುಂಟು. ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ತನ್ನ ನಾಲಗೆಗೆ ಹೊಂದಿಸಿಕೊಂಡು ಪು-ಲೊ-ಕಿ-ಷೆ ಎಂದು ಬರೆದಿಟ್ಟನು. ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ರವಿಕೀರ್ತಿ ರಚಿಸಿದ 19 ಸಾಲಿನ ಸಂಸ್ಕೃತ ಪ್ರಶಸ್ತಿಯಿದೆ. ಅದರ ಕಾಲ 634. ಊರನ್ನೂ ಗುಡಿಗಳನ್ನೂ ಕೆಳಗೆ ಬಿಟ್ಟು ಗುಡ್ಡವೇರಿ ಹೋದರೆ, ಹಳಗನ್ನಡ ಲಿಪಿಯ ಆ ಸಣ್ಣ ಗುಂಡಗಿನ ಅಕ್ಷರಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ಕಾಳಿದಾಸ ಭಾರವಿಯರ ಸಾಲಿನಲ್ಲಿ ತನ್ನನ್ನು ನಿಲ್ಲಿಸಿಕೊಂಡ ಕವಿಯ ಅಭಿಮಾನವೂ ಅಲ್ಲಿಯೇ ಉಂಟು. ಆದರೆ ಶತಮಾನಗಳ ಕಾಲ ಆ ಬರಹವನ್ನು ಓದಬಲ್ಲವರಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟರಂಥ ಶಾಸನಜ್ಞರು ಅದನ್ನು ಓದಿ ಪ್ರಕಟಿಸಿದ ಮೇಲೆಯೇ ಪುಲಕೇಶಿಯು ಕನ್ನಡಿಗರಿಗೆ ಮರಳಿ ದೊರೆತನು. ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' 1917ರಲ್ಲಿ ಆ ವಂಶದ ಕೀರ್ತಿಯನ್ನು ಸಾಮಾನ್ಯರ ಮನೆಯ ಬಾಗಿಲಿಗೆ ತಂದಿತು.

ಹೀಗೆ ಕಲ್ಲಿನಿಂದ ನೇರವಾಗಿ ನಾಲಗೆಗೆ ಬಂದ ಹೆಸರಿಗೆ ಅಜ್ಜನೂ ಇಲ್ಲ, ಮನೆದೇವರೂ ಇಲ್ಲ. ಕೊಪ್ಪಳದ ಸೀಮೆಯಲ್ಲಿ ಹುಲಿಗಿಯ ಅಮ್ಮನ ಹೆಸರಿನಿಂದ ಹುಲಿಗೆಪ್ಪಂದಿರು ಹುಟ್ಟುತ್ತಲೇ ಇರುತ್ತಾರೆ. ಹರಕೆ ಹೊತ್ತು ಪುಲಕೇಶಿಯನ್ನು ಪಡೆಯುವವರು ಯಾರು? ನಾಮಕರಣದ ದಿನ ತೊಟ್ಟಿಲ ಸುತ್ತ ನೆರೆದ ಮುತ್ತೈದೆಯರ ನಡುವೆ ಸೋದರತ್ತೆಯು ಮಗುವಿನ ಕಿವಿಗೆ ಬಾಗಿ ಈ ಹೆಸರನ್ನು ಉಸುರಿದಳೆನ್ನಿ. ಭಾಗವತವನ್ನು ಕೇಳಿ ಬಲ್ಲ ಅಜ್ಜಿಯೊಬ್ಬಳಿದ್ದರೆ, ಕೇಶಿಯೆಂದರೆ ಕೃಷ್ಣ ಕೊಂದ ಕುದುರೆರಕ್ಕಸನಲ್ಲವೇ, ಅದನ್ನೇಕೆ ಮಗುವಿಗೆ ಅಂಟಿಸುತ್ತೀರಿ ಎಂದು ಆಕ್ಷೇಪಿಸದೆ ಇರಳು. ಈ ಹೆಸರಿನ ಪರವಾಗಿ ನಿಲ್ಲುವವನು ಜೋಯಿಸನೊಬ್ಬನೇ. ಹಸ್ತಾ ನಕ್ಷತ್ರದ ನಾಲ್ಕು ಪಾದಗಳಲ್ಲಿ ಹುಟ್ಟಿದವರ ಹೆಸರಿಗೆ ಪು, ಷ, ಣ, ಠ ಎಂಬ ಮೊದಲಕ್ಷರಗಳು. ಕೊನೆಯ ಎರಡರಿಂದ ಹೆಸರು ಕಟ್ಟಲು ಯಾರಿಂದಲೂ ಸಾಧ್ಯವಾಗದ್ದರಿಂದ ಹೆಚ್ಚಿನವರು ಪುಕಾರಕ್ಕೆ ಬರುತ್ತಾರೆ. ಅಲ್ಲಿಯಾದರೂ ಪುರುಷೋತ್ತಮ, ಪುಂಡಲೀಕ, ಪುಟ್ಟಸ್ವಾಮಿ, ಪುನೀತರು ಮೊದಲೇ ಬಂದು ಕುಳಿತಿರುತ್ತಾರೆ.

ಚಲನಚಿತ್ರವೂ ಈ ಹೆಸರಿಗೆ ಹೆಚ್ಚು ನೆರವಾಗಲಿಲ್ಲ. ನಟ ರಾಜಕುಮಾರರು 1967ರಲ್ಲಿ 'ಇಮ್ಮಡಿ ಪುಲಿಕೇಶಿ'ಯಾಗಿ, 1975ರಲ್ಲಿ 'ಮಯೂರ'ನಾಗಿ ತೆರೆಯ ಮೇಲೆ ಬಂದರು. ಮಯೂರ ಇಂದು ಯಾವ ಬೀದಿಯಲ್ಲಿಯೂ ಕೇಳಿಬರುವ ಹೆಸರು. ಅದು ನವಿಲು, ಮೃದು, ಕರೆಯಲು ಸುಲಭ. ಪುಲಕೇಶಿಯನ್ನು ಅಂಗಳದಿಂದ ಊಟಕ್ಕೆ ಕರೆಯುವ ತಾಯಿಗೆ ಆ ಸೌಲಭ್ಯವಿಲ್ಲ. ಪುಲಿಯೆಂದೋ ಕೇಶಿಯೆಂದೋ ಅರ್ಧಕ್ಕೆ ಕಡಿದರೆ ಚಕ್ರವರ್ತಿಯ ಗಾಂಭೀರ್ಯವೆಲ್ಲ ಇಳಿದುಹೋಗುತ್ತದೆ. ಇನ್ನು ತಮಿಳುನಾಡಿನಲ್ಲಿ ಇಮ್ಮಡಿ ಪುಲಕೇಶಿಯು ಪಲ್ಲವರ ವೈರಿ. ಕಲ್ಕಿಯವರ 'ಶಿವಗಾಮಿಯಿನ್ ಶಪದಂ' ಕಾದಂಬರಿ ಅವನನ್ನು ಪ್ರತಿಪಕ್ಷದಲ್ಲಿಯೇ ನಿಲ್ಲಿಸಿದೆ. 2006ರಲ್ಲಿ ವಡಿವೇಲು ನಟಿಸಿದ ಹಾಸ್ಯಚಿತ್ರವೊಂದು 'ಇಪ್ಪತ್ತಮೂರನೆಯ ಪುಲಿಕೇಸಿ'ಯೆಂಬ ಪೆದ್ದ ದೊರೆಯನ್ನು ಸೃಷ್ಟಿಸಿತು. ಗಡಿಯಾಚೆ ಉದ್ಯೋಗಕ್ಕೆ ಹೋದ ಕನ್ನಡದ ಪುಲಕೇಶಿಯು ಸಹೋದ್ಯೋಗಿಗಳ ಮುಗುಳ್ನಗೆಯನ್ನು ಸಹಿಸಲು ಸಿದ್ಧನಾಗಿಯೇ ಹೋಗಬೇಕು.

ಆದರೂ ಈ ಹೆಸರಿಗೆ ತನ್ನದೇ ಆದ ಅನುಕೂಲಗಳುಂಟು. ಒಂದೇ ತರಗತಿಯಲ್ಲಿ ನಾಲ್ವರು ಮಂಜುನಾಥರಿದ್ದರೆ ಮೇಷ್ಟರು ಇನಿಷಿಯಲ್ ಹಿಡಿದು ಕೂಗಬೇಕಾಗುತ್ತದೆ; ಪುಲಕೇಶಿಗೆ ಆ ಗೊಡವೆಯಿಲ್ಲ. ಜಾತಿಯ ಸುಳಿವನ್ನೂ ಅದು ಸುಲಭವಾಗಿ ಬಿಟ್ಟುಕೊಡದು. ಅಪ್ಪ, ಗೌಡ, ಶಾಸ್ತ್ರಿ, ಸ್ವಾಮಿ ಎಂಬ ಬಾಲಗಳಿಲ್ಲದೆ ನಾಡಿಗೆ ಮಾತ್ರ ಸೇರಿದ ಹೆಸರುಗಳು ನಮ್ಮಲ್ಲಿ ಎಷ್ಟಿವೆ? ನನ್ನ ಮಟ್ಟಿಗೆ ಇದೇ ಅದರ ದೊಡ್ಡ ಗುಣ.

1956ರ ಏಕೀಕರಣದ ಹುರುಪಿನಲ್ಲಿಯೂ 1967ರ ಚಿತ್ರದ ಬಳಿಕವೂ ಹುಟ್ಟಿ ಈ ಹೆಸರನ್ನು ಹೊತ್ತವರು ಇಂದು ಅಜ್ಜಂದಿರ ವಯಸ್ಸಿನವರು. ಸುಮಾರು ಹದಿಮೂರು ಶತಮಾನಗಳ ತರುವಾಯ ಅಜ್ಜನಿಂದ ಮೊಮ್ಮಗನಿಗೆ ಈ ಹೆಸರು ದಾಟುವ ಅವಕಾಶ ಮತ್ತೆ ಒದಗಿದೆ. ಅಂಥ ಮನೆಯವರಲ್ಲಿ ನನ್ನ ಬಿನ್ನಹ ಇಷ್ಟೇ: ಇಡುವುದಾದರೆ ಅಂಜದೆ ಇಡಿ, ಆದರೆ ಪುಲಕೇಶಿಯೋ ಪುಲಿಕೇಶಿಯೋ ಎಂಬುದನ್ನು ಮೊದಲೇ ತೀರ್ಮಾನಿಸಿ, ಜನನ ಪ್ರಮಾಣಪತ್ರದಲ್ಲಿಯೂ ಆಧಾರ್ ಕಾರ್ಡಿನಲ್ಲಿಯೂ ಮುಂದೆ ಬರುವ ಅಂಕಪಟ್ಟಿಯಲ್ಲಿಯೂ ಒಂದೇ ಕಾಗುಣಿತವನ್ನು ಬರೆಸಿ.