ಇಲ್ಲದ ಊರಿನಲ್ಲಿ ಒಂದು ಅಂಗಡಿ

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಬೆಳಗಿನ ಹೊತ್ತು ನಿಂತರೆ ಕೆ.ಜಿ.ಎಫ್. ಜನರ ಇಂದಿನ ಕಸುಬು ಏನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಮಾರಿಕುಪ್ಪಂನಿಂದ ಬರುವ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಊಟದ ಡಬ್ಬಿ ಹಿಡಿದವರೆಲ್ಲ ಬೆಂಗಳೂರಿನ ದಾರಿ ಹಿಡಿದವರು. ಈ ಊರಿಗೆ ಬೌರಿಂಗ್‌ಪೇಟೆ ಎಂಬ ಹೆಸರಿದ್ದ ಕಾಲದಲ್ಲಿ, 1894ರಲ್ಲಿ, ಗಣಿಗೆಂದೇ ಹಾಕಿದ ಕವಲು ಹಳಿ ಅದು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಚಿನ್ನ ಹೋಯಿತು, ಹಳಿ ಉಳಿಯಿತು.

ಅದೇ 2001ರ ಕೊನೆಯಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪಾಠ ಹೇಳುತ್ತಿದ್ದ ಎಡ್ವರ್ಡ್ ಕ್ಯಾಸ್ಟ್ರೊನೊವಾ ಎಂಬ ಅರ್ಥಶಾಸ್ತ್ರಜ್ಞ ಒಂದು ವಿಚಿತ್ರ ಪ್ರಬಂಧ ಬರೆದ. ಅವನು ಅಧ್ಯಯನ ಮಾಡಿದ ದೇಶ ಭೂಪಟದಲ್ಲಿ ಇರಲಿಲ್ಲ. ಅದು 'ಎವರ್‌ಕ್ವೆಸ್ಟ್' ಎಂಬ ಕಂಪ್ಯೂಟರ್ ಆಟದೊಳಗಿನ ನೋರಾತ್. ಆಟಗಾರರು ಅಲ್ಲಿ ಗಳಿಸಿದ ಕತ್ತಿ, ಕವಚ, ನಾಣ್ಯಗಳನ್ನು ಹೊರಗೆ ನಿಜವಾದ ಡಾಲರಿಗೆ ಮಾರುತ್ತಿದ್ದರು. ಈತ ಲೆಕ್ಕ ಹಾಕಿ ನೋಡಿದ: ಗಂಟೆಗೆ 3.42 ಡಾಲರ್ ಕೂಲಿ. ತಲಾ ಉತ್ಪನ್ನ ಹೆಚ್ಚುಕಡಿಮೆ ರಷ್ಯಾದಷ್ಟು! ಮುಂದೆ ಚೀನಾದಲ್ಲಿ ಯುವಕರು ಪಾಳಿಯ ಮೇಲೆ ಕುಳಿತು ಆಟದೊಳಗಿನ ಚಿನ್ನ ಕೂಡಿಸಿ ಮಾರುವ ಉದ್ಯಮವೇ ಬೆಳೆಯಿತು. ನಮ್ಮಲ್ಲಿ ಕೊನೆಯ ಪಾಳಿಯವರು ಮೇಲೆ ಬಂದ ಕೆಲವೇ ವರ್ಷಗಳಲ್ಲಿ ಬೇರೊಂದು ಗಣಿಗೆ ಪಾಳಿ ಶುರುವಾಗಿತ್ತು ಎನ್ನಬಹುದು.

ಈ ಸಂಗತಿ ಕೆ.ಜಿ.ಎಫ್.ಗೆ ಸುತ್ತಿ ಬಳಸಿ ಬಂದದ್ದು ಸಿನಿಮಾದ ಮೂಲಕ. 'ಕೆ.ಜಿ.ಎಫ್. ಚಾಪ್ಟರ್ 2' ತೆರೆ ಕಂಡ 2022ರ ಏಪ್ರಿಲ್‌ನಲ್ಲೇ ಹೊಂಬಾಳೆ ಫಿಲ್ಮ್ಸ್ ಸಂಸ್ಥೆ 'ಕೆ.ಜಿ.ಎಫ್.ವರ್ಸ್' ಎಂಬ ಕಾಲ್ಪನಿಕ ಜಗತ್ತನ್ನು ಪ್ರಕಟಿಸಿತು. ಚಿತ್ರದೊಳಗಿನ ಪುಸ್ತಕದ ಹೆಸರಾದ 'ಎಲ್ ಡೊರಾಡೊ' ಹೆಸರಿನಲ್ಲಿ ಟೋಕನ್‌ಗಳನ್ನು ಮಾರಾಟಕ್ಕಿಟ್ಟಿತು. ಅಭಿಮಾನಿಗಳು ತಮ್ಮದೇ ಅವತಾರ ಧರಿಸಬಹುದು, ಅಲ್ಲಿ ಜಾಗ ಕೊಳ್ಳಬಹುದು ಎಂಬುದು ಆಗಿನ ಮಾತು. ಈ ಸುದ್ದಿ ಓದುವಾಗ ನನಗೆ ಲೈನ್ ಮನೆಗಳ ನೆನಪಾಯಿತು. ಗಣಿ ಮುಚ್ಚಿದ ಮೇಲೆ ಅವುಗಳ ಒಡೆತನದ ಪ್ರಶ್ನೆ ವರ್ಷಗಟ್ಟಲೆ ಎಳೆದಾಡಿದ ಊರಿದು.

ಇರಲಿ. ಕೈಗೆ ಸಿಗದ ಸರಕನ್ನು ಮಾಡುವುದಾದರೂ ಹೇಗೆ? ತಿಳಿಯಲೆಂದು ನಾನೂ ಕೈ ಹಾಕಿದೆ. ಆರಿಸಿಕೊಂಡದ್ದು 'ಸೆಕೆಂಡ್ ಲೈಫ್'. 2003ರ ಜೂನ್‌ನಲ್ಲಿ ಅಮೆರಿಕದ ಲಿಂಡನ್ ಲ್ಯಾಬ್ ಕಂಪನಿ ತೆರೆದ ಈ ಜಗತ್ತಿನಲ್ಲಿ ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಮನೆ, ಮರ, ಜಡೆ, ಚಪ್ಪಲಿ ಬಹುಪಾಲು ಅಲ್ಲಿನ ನಿವಾಸಿಗಳೇ ಮಾಡಿದ್ದು. ತಾವು ಮಾಡಿದ್ದರ ಹಕ್ಕು ಮಾಡಿದವರದೇ ಎಂದು ಕಂಪನಿ 2003ರ ನವೆಂಬರ್‌ನಲ್ಲಿ ಸಾರಿತು. ಅಲ್ಲಿನ ವ್ಯಾಪಾರ ಕುದುರಿದ್ದು ಆ ಮೇಲೆ. ನಾಣ್ಯದ ಹೆಸರು ಲಿಂಡನ್ ಡಾಲರ್. ಹಲವು ವರ್ಷಗಳಿಂದ ಒಂದು ನಿಜ ಡಾಲರಿಗೆ ಸುಮಾರು 250ರ ಆಸುಪಾಸಿನಲ್ಲಿ ಅದರ ವಿನಿಮಯ ನಡೆದಿದೆ.

ನಾನು ಮಾಡಹೊರಟದ್ದು ದೀಪವಿರುವ ಗಣಿ ಕಾರ್ಮಿಕರ ಟೋಪಿ. ಮರಳಿನ ಅಂಗಳ ಎಂದು ಕರೆಯುವ ಬಯಲುಗಳಲ್ಲಿ ಯಾರು ಬೇಕಾದರೂ ಕೂತು ಕಟ್ಟಬಹುದು. ಚೌಕ, ಗೋಳ, ಕೊಳವೆಯಂಥ ಮೂಲ ಆಕಾರಗಳಿವೆ. ಗೋಳವನ್ನು ಅರ್ಧಕ್ಕೆ ಸೀಳಿ, ಒಳಗೆ ಟೊಳ್ಳು ಮಾಡಿ, ಅಂಚಿಗೆ ಚಪ್ಪಟೆ ಬಳೆ ಕೂರಿಸಿದರೆ ಟೋಪಿಯಾಯಿತು. ಆಮೇಲೆ ಅದಕ್ಕೆ ಚರ್ಮ ಹೊದಿಸಬೇಕು, ಅಂದರೆ ಗೀರು, ಕೊಳೆ, ಮಾಸಿದ ಬಣ್ಣ ಇರುವ ಒಂದು ಚಿತ್ರ. ಅಂಥ ಚಿತ್ರವನ್ನು ಒಳಗೆ ಸಾಗಿಸಲು 10 ಲಿಂಡನ್ ಸುಂಕ. ಮೊದಲ ಸಲ ತೊಟ್ಟಾಗ ಟೋಪಿ ತಲೆಯೊಳಗೇ ಹೂತುಹೋಗಿ ದೀಪ ಮಾತ್ರ ಹಣೆಯಿಂದ ಇಣುಕುತ್ತಿತ್ತು. ಅದನ್ನು ಮೇಲಕ್ಕೆತ್ತಲು ಒಂದು ಸಂಜೆ ಹೋಯಿತು.

ಇದು ಹಳೆಯ ಪದ್ಧತಿ. 2011ರಿಂದ ಹೊರಗಿನ ತಂತ್ರಾಂಶದಲ್ಲಿ ಕೆತ್ತಿದ ಜಾಲರಿ ಆಕಾರಗಳನ್ನು ತರುವ ಸೌಲಭ್ಯ ಬಂದು ಕೈಗೆಲಸದವರು ಹಿಂದೆ ಬಿದ್ದರು. ಈಗ ಕಲಿಯಬೇಕಾದ್ದು ಬ್ಲೆಂಡರ್. 2002ರಿಂದ ಅದು ಮುಕ್ತ ತಂತ್ರಾಂಶ, ಬಿಡಿಗಾಸೂ ಕೊಡಬೇಕಿಲ್ಲ. ಕಷ್ಟ ಬೇರೆ ಕಡೆ ಇದೆ. ಆಕಾರ ನುಣುಪಾಗಲು ಹೆಚ್ಚು ತ್ರಿಕೋನಗಳು ಬೇಕು. ತ್ರಿಕೋನ ಹೆಚ್ಚಿದಷ್ಟೂ ಕೊಂಡವರ ಕಂಪ್ಯೂಟರ್ ತೆವಳುತ್ತದೆ. ಕಡಿಮೆ ತ್ರಿಕೋನದಲ್ಲಿ, ನೆರಳನ್ನು ಚಿತ್ರದಲ್ಲೇ ಬರೆದು ಕಣ್ಣನ್ನು ನಂಬಿಸುವವರೇ ಜಾಣರು. ಇದು ಅಕ್ಕಸಾಲಿ ಕೆಲಸ. ತಿಂಗಳುಗಟ್ಟಲೆ ಕೈ ಪಳಗಬೇಕು.

ಇನ್ನು ಮಾರಾಟ. ಕೋಲಾರದ ಚಿನ್ನಕ್ಕೆ ಬೆಲೆ ಬಂದದ್ದು ಅದು ಸಿಗುವುದು ಕಷ್ಟವಾದ್ದರಿಂದ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ. ಕೊನೆಯ ವರ್ಷಗಳಲ್ಲಿ ಒಂದು ಟನ್ ಕಲ್ಲು ಅರೆದರೆ ಕೆಲವೇ ಗ್ರಾಂ. ಆದರೆ ಕಂಪ್ಯೂಟರಿನ ಟೋಪಿಯನ್ನು ಒಂದು ಗುಂಡಿಯೊತ್ತಿ ಲಕ್ಷ ಪ್ರತಿ ಮಾಡಬಹುದು. ಆದ್ದರಿಂದ ಅಲ್ಲಿ ಅಭಾವವನ್ನು ಕಾನೂನಿನಂತೆ ಬರೆಯುತ್ತಾರೆ. ಪ್ರತಿ ಸರಕಿಗೂ ಮೂರು ಅನುಮತಿಗಳು: ನಕಲು ಮಾಡಬಹುದೇ, ಮಾರ್ಪಡಿಸಬಹುದೇ, ಇನ್ನೊಬ್ಬರಿಗೆ ಕೊಡಬಹುದೇ? ನಕಲನ್ನೂ ವರ್ಗಾವಣೆಯನ್ನೂ ಒಟ್ಟಿಗೆ ಬಿಟ್ಟುಕೊಟ್ಟರೆ ನಿಮ್ಮ ಮೊದಲ ಗಿರಾಕಿಯೇ ಮಾರನೆಯ ದಿನ ಎದುರಂಗಡಿಯವನು. ಹೊಸಬರು ಮಾಡುವ ದೊಡ್ಡ ತಪ್ಪು ಇದೇ. 2006ರ ನವೆಂಬರ್‌ನಲ್ಲಿ 'ಕಾಪಿಬಾಟ್' ಎಂಬ ತಂತ್ರಾಂಶ ಈ ಬೀಗಗಳನ್ನೆಲ್ಲ ದಾಟಿ ಯಾರ ಸರಕನ್ನಾದರೂ ನಕಲಿಸತೊಡಗಿದಾಗ ಅಲ್ಲಿನ ವರ್ತಕರು ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಕಾಲ್ಪನಿಕ ಊರಿನಲ್ಲೂ ನಿಜವಾದ ಬಂದ್!

ಗಣಿಯ ಊರಿನವರಿಗೆ ಈ ಜಗತ್ತಿನ ಇನ್ನೊಂದು ಲಕ್ಷಣ ಬೇಗ ಅರ್ಥವಾಗುತ್ತದೆ. ಅದು ಕಂಪನಿಯ ಊರು. ನೆಲ ಕಂಪನಿಯದು, ನಾಣ್ಯ ಕಂಪನಿಯದು, ಕಾಯಿದೆಯೂ ಕಂಪನಿಯದೇ. ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಬೆರಳಚ್ಚು ಕೊಡಬೇಕೆಂಬ ಆಜ್ಞೆಯ ವಿರುದ್ಧ 1930ರಲ್ಲಿ ಕಾರ್ಮಿಕರು ಗಣಿಗೆ ಇಳಿಯದೆ ನಿಂತಿದ್ದರು. ಸೆಕೆಂಡ್ ಲೈಫ್‌ನಲ್ಲಿ 2006ರಲ್ಲಿ ಮಾರ್ಕ್ ಬ್ರ್ಯಾಗ್ ಎಂಬ ವಕೀಲ ನಿಯಮದ ಸಂದು ಹಿಡಿದು ಅಗ್ಗಕ್ಕೆ ಜಾಗ ಕೊಂಡನೆಂದು ಕಂಪನಿ ಅವನ ಖಾತೆಯನ್ನೇ ಮುಚ್ಚಿತು; ಜಾಗ, ಸರಕು, ನಾಣ್ಯ ಎಲ್ಲ ಕೈಬಿಟ್ಟಿತು. ಅವನು ಮೊಕದ್ದಮೆ ಹೂಡಿದ. ಸಹಿ ಮಾಡಿಸಿಕೊಂಡ ಷರತ್ತುಗಳ ಒಂದು ಭಾಗ ನ್ಯಾಯಸಮ್ಮತವಲ್ಲ ಎಂದು 2007ರಲ್ಲಿ ನ್ಯಾಯಾಲಯ ಹೇಳಿತಾದರೂ, ಕೊನೆಗೆ ಆದದ್ದು ರಾಜಿ. ಆ ನೆಲ ಯಾರದೆಂಬ ಪ್ರಶ್ನೆ ಪ್ರಶ್ನೆಯಾಗಿಯೇ ಉಳಿಯಿತು. ಜಗತ್ತೇ ಮುಚ್ಚಿಹೋಗುವುದೂ ಉಂಟು. ಗೂಗಲ್ ತೆರೆದ 'ಲೈವ್ಲಿ' ಆರು ತಿಂಗಳೂ ತುಂಬದೆ 2008ರ ಡಿಸೆಂಬರ್ 31ಕ್ಕೆ ಬಾಗಿಲೆಳೆದುಕೊಂಡಿತು.

ಈ ಭಯಕ್ಕೆ ಮದ್ದು ಎಂದು ಬಂದದ್ದೇ ಟೋಕನ್. ಒಡೆತನದ ದಾಖಲೆ ಕಂಪನಿಯ ಪುಸ್ತಕದಲ್ಲಿರದೆ, ಸಾವಿರಾರು ಕಂಪ್ಯೂಟರ್‌ಗಳಲ್ಲಿ ಹಂಚಿದ ಖಾತೆಯಲ್ಲಿರುತ್ತದೆ. ಆದರೆ ಪಹಣಿ ಬೇರೆ, ಹೊಲ ಬೇರೆ. ಟೋಕನ್ ಉಳಿದು, ಅದು ತೋರಿಸುವ ಜಗತ್ತು ನಿಂತುಹೋದರೆ ಪಹಣಿ ಇಟ್ಟುಕೊಂಡು ಮಾಡುವುದೇನು? ಸಾಲದ್ದಕ್ಕೆ 2022ರ ಏಪ್ರಿಲ್ 1ರಿಂದ ಇಂಥ ಆಸ್ತಿಯ ಲಾಭದ ಮೇಲೆ ನಮ್ಮ ಸರ್ಕಾರ ಶೇ 30 ತೆರಿಗೆ ವಿಧಿಸಿದೆ, ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ. ಟೋಕನ್ ಪೇಟೆ ಅದೇ ವರ್ಷ ಕುಸಿಯಿತು. ಹಾಗಾಗಿ ರಾಬರ್ಟ್‌ಸನ್‌ಪೇಟೆಯ ಹುಡುಗರು ಯಾರಾದರೂ ಕೇಳಿದರೆ, ಟೋಕನ್ ಕೊಳ್ಳಬೇಡಿ, ಬ್ಲೆಂಡರ್ ಕಲಿಯಿರಿ ಎಂದೇ ಹೇಳುತ್ತೇನೆ. ಜಗತ್ತು ಮುಚ್ಚಿದರೂ ಆ ವಿದ್ಯೆಯನ್ನು ಸಿನಿಮಾಕ್ಕೋ ಕಟ್ಟಡದ ನಕ್ಷೆಗೋ ಒಯ್ಯಬಹುದು. ಗಣಿಯಲ್ಲಿ ಆಳದ ಬಂಡೆಯ ಗುಣ ಅರಿತಿದ್ದವರಿಗೆ 2001ರಲ್ಲಿ ಆ ಅನುಕೂಲ ಇರಲಿಲ್ಲ.

ನನ್ನ ಟೋಪಿಗೆ 50 ಲಿಂಡನ್ ಬೆಲೆ ಇಟ್ಟಿದ್ದೇನೆ. ಮೂರು ವಾರದಲ್ಲಿ ಒಂದು ಹೋಗಿದೆ. ಕೊಂಡವರು ಯಾವ ದೇಶದವರೋ, ದೀಪ ಇನ್ನಷ್ಟು ಪ್ರಕಾಶಮಾನವಾಗಿರಬೇಕಿತ್ತು ಎಂದು ಬರೆದಿದ್ದಾರೆ. ಬಂದ ಹಣ ಬಂಗಾರಪೇಟೆಯಲ್ಲಿ ಒಂದು ಪ್ಲೇಟು ಪಾನಿಪೂರಿಗೂ ಸಾಲದು.