ಕೊಂಡಿಗೆ ಕಾವಲು

ಇಳಕಲ್ ಸೀರೆ ಅಸಲಿಯೋ ನಕಲಿಯೋ ಎಂದು ತಿಳಿಯಲು ಬಲ್ಲವರು ಬಣ್ಣ ನೋಡುವುದಿಲ್ಲ, ದಡಿಯನ್ನೂ ನೋಡುವುದಿಲ್ಲ. ಸೆರಗು ಮಗುಚಿ, ಅದು ಸೀರೆಯ ಒಡಲಿಗೆ ಕೂಡುವ ಗೆರೆಯ ಮೇಲೆ ಬೆರಳಾಡಿಸುತ್ತಾರೆ. ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕುಣಿಕೆ ಹಾಕಿ ಸಿಕ್ಕಿಸಿದ್ದು ಅಲ್ಲಿ ಕೈಗೆ ತಾಗಬೇಕು. ಅದೇ ಕೊಂಡಿ. ಕೊಂಡಿ ಹಾಕುವುದಾದರೆ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು. ಹತ್ತಾರು ಸೀರೆಯ ಹಾಸನ್ನು ಒಟ್ಟಿಗೆ ಸುತ್ತಿಕೊಂಡು ಓಡುವ ವಿದ್ಯುತ್ ಮಗ್ಗಕ್ಕೆ ಈ ನಿಧಾನ ಒಗ್ಗುವುದಿಲ್ಲ. ಹಾಗಾಗಿ ಅದು ಕೊಂಡಿಯನ್ನು ಬಿಟ್ಟು, ಟೋಪು ತೆನೆ ಎಂಬ ವಿನ್ಯಾಸದ ಸೆರಗಿನ ಚಹರೆಯನ್ನಷ್ಟೇ ಎತ್ತಿಕೊಂಡಿದೆ.

ತಂತ್ರಜ್ಞಾನದ ಕಳವು ಎಂದಾಗ ನಮಗೆ ಇಳಕಲ್ ನೆನಪಾಗುವುದಿಲ್ಲ, ಬೆಂಗಳೂರು ನೆನಪಾಗುತ್ತದೆ. 2025ರ ಮಾರ್ಚ್‌ನಲ್ಲಿ ಬಿಇಎಲ್‌ನ ಎಂಜಿನಿಯರ್ ಒಬ್ಬರು ಪಾಕಿಸ್ತಾನಕ್ಕೆ ಮಾಹಿತಿ ಕೊಟ್ಟ ಆರೋಪದಲ್ಲಿ ಬಂಧಿತರಾದರು. ಅದೇ ವರ್ಷದ ನವೆಂಬರ್‌ನಲ್ಲಿ ಮಲ್ಪೆಯ ಹಡಗು ನಿರ್ಮಾಣ ಘಟಕದ ವಿವರ ಸೋರಿದೆ ಎಂದು ಇಬ್ಬರನ್ನು ಹಿಡಿದರು. ನಿಜವೆಷ್ಟು ಎಂಬುದನ್ನು ನ್ಯಾಯಾಲಯ ಹೇಳಬೇಕು. ಹಾಗೆ ಕಾಯುವುದೇ ಒಳ್ಳೆಯದು ಎನ್ನಲು ನಮ್ಮಲ್ಲೇ ಕಾರಣವಿದೆ. 1994ರ ಇಸ್ರೋ ಬೇಹುಗಾರಿಕೆ ಪ್ರಕರಣದಲ್ಲಿ ವಿಜ್ಞಾನಿ ನಂಬಿ ನಾರಾಯಣನ್ ಜೊತೆಗೆ, ರಷ್ಯಾದ ಗ್ಲಾವ್‌ಕಾಸ್ಮೋಸ್ ಸಂಸ್ಥೆಯ ಭಾರತದ ಪ್ರತಿನಿಧಿಯಾಗಿ ಬೆಂಗಳೂರಿನಲ್ಲಿದ್ದ ಕೆ. ಚಂದ್ರಶೇಖರ್ ಕೂಡ ಸಿಕ್ಕಿಬಿದ್ದರು. ಕ್ರಯೋಜೆನಿಕ್ ಎಂಜಿನ್ನಿನ ಗುಟ್ಟು ಮಾರಾಟವಾಯಿತೆಂದು ಪತ್ರಿಕೆಗಳು ತಿಂಗಳುಗಟ್ಟಲೆ ಬರೆದವು. ಆರೋಪಕ್ಕೆ ಆಧಾರವಿಲ್ಲ ಎಂದು 1996ರಲ್ಲಿ ಸಿಬಿಐ ಹೇಳಿತು. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟ್ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿದಾಗ ಚಂದ್ರಶೇಖರ್ ಬೆಂಗಳೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದರು. ಎರಡೇ ದಿನಕ್ಕೆ ತೀರಿಕೊಂಡರು.

ಇಂಥ ಪ್ರಕರಣಗಳಿಗೆಲ್ಲ ಆಸರೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ. ಅದು ಸರ್ಕಾರದ ಗುಟ್ಟು ಕಾಯುತ್ತದೆ, ಕಾರ್ಖಾನೆಯದನ್ನಲ್ಲ. ಅಮೆರಿಕ 1996ರಲ್ಲೇ ಆರ್ಥಿಕ ಬೇಹುಗಾರಿಕೆಗೆ ಪ್ರತ್ಯೇಕ ಕಾಯ್ದೆ ಮಾಡಿಕೊಂಡಿತು. ನಮ್ಮ ಕಾನೂನು ಆಯೋಗ ವ್ಯಾಪಾರದ ಗುಟ್ಟು ಮತ್ತು ಆರ್ಥಿಕ ಬೇಹುಗಾರಿಕೆಯ ಮೇಲೆ 289ನೇ ವರದಿ ಸಲ್ಲಿಸಿದ್ದು 2024ರ ಮಾರ್ಚ್‌ನಲ್ಲಿ. ಅಧ್ಯಕ್ಷರಾಗಿದ್ದವರು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಿತುರಾಜ್ ಅವಸ್ಥಿ. ವರದಿಯ ಜೊತೆಗೆ ಮಸೂದೆಯ ಕರಡೂ ಇದೆ. ವ್ಯಾಪಾರದ ಗುಟ್ಟು ಎನಿಸಿಕೊಳ್ಳಲು ಜಗತ್ತು ಒಪ್ಪಿರುವ ಷರತ್ತು ಮೂರು: ಸಂಗತಿ ಗುಟ್ಟಾಗಿರಬೇಕು, ಗುಟ್ಟಾಗಿರುವುದರಿಂದಲೇ ಅದಕ್ಕೆ ಬೆಲೆ ಬಂದಿರಬೇಕು, ಒಡೆಯ ಅದನ್ನು ಮುಚ್ಚಿಡಲು ಶ್ರಮಪಟ್ಟಿರಬೇಕು. ಇಳಕಲ್ ಮೊದಲ ಷರತ್ತಿನಲ್ಲೇ ಹೊರಬೀಳುತ್ತದೆ. ಕುಣಿಮಗ್ಗ ಪಡಸಾಲೆಯಲ್ಲಿರುತ್ತದೆ, ಬಾಗಿಲು ತೆರೆದಿರುತ್ತದೆ, ಬಂದವರಿಗೆ ಚಹಾ ಸಿಗುತ್ತದೆ.

ಇಂಥ ತೆರೆದ ಬಾಗಿಲನ್ನು ಹೊರಗಿನವರು ಬಳಸಿಕೊಂಡಿದ್ದು ಹೊಸತೇನಲ್ಲ. 1742ರಲ್ಲಿ ಕೊರ್ದೂ ಎಂಬ ಫ್ರೆಂಚ್ ಪಾದ್ರಿ, ತಾನು ಮತಾಂತರಿಸಿದ್ದ ಬಣ್ಣಗಾರರಿಂದ ಚಿತ್ತಾರದ ಹತ್ತಿಬಟ್ಟೆಗೆ ಬಣ್ಣ ಕಟ್ಟುವ ವಿಧಾನವನ್ನು ಕೇಳಿ ತಿಳಿದು, ಹಂತಹಂತವಾಗಿ ಬರೆದು ಯುರೋಪಿಗೆ ಕಳಿಸಿದ. ಬ್ರಿಟಿಷರು ಅದನ್ನೇ ಸರ್ಕಾರಿ ಕೆಲಸ ಮಾಡಿಕೊಂಡರು. 1866ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಭಾರತದ ಬಟ್ಟೆಗಳ 700 ತುಣುಕುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ 20 ಪ್ರತಿ ಮಾಡಿಸಿದ. 13 ಪ್ರತಿಗಳು ಬ್ರಿಟನ್ನಿಗೇ ಮೀಸಲು. ಉದ್ದಗಲ, ತೂಕ, ಸಿಕ್ಕ ಊರಿನ ವಿವರಗಳನ್ನೂ ದಾಖಲಿಸಿದ್ದ. ಇಲ್ಲಿಯವರು ಏನು ಉಡುತ್ತಾರೆಂದು ನೋಡಿ ಅಲ್ಲಿಯ ಗಿರಣಿಗಳು ನೇಯಬೇಕು, ಉದ್ದೇಶ ಅಷ್ಟೇ.

ಅದೇ ಬ್ರಿಟನ್ ತನ್ನ ಗುಟ್ಟನ್ನು ಹೇಗೆ ಕಾದಿತ್ತು ನೋಡಿ. ನುರಿತ ಕುಶಲಕರ್ಮಿಗಳು ದೇಶ ಬಿಡುವುದನ್ನು 1824ರವರೆಗೆ, ಜವಳಿ ಯಂತ್ರಗಳ ರಫ್ತನ್ನು 1843ರವರೆಗೆ ಕಾನೂನಿನಿಂದ ತಡೆದಿತ್ತು. ಆದರೂ ಸ್ಯಾಮ್ಯುಯೆಲ್ ಸ್ಲೇಟರ್ ಎಂಬ ಇಪ್ಪತ್ತೊಂದರ ಹುಡುಗ 1789ರಲ್ಲಿ ನೂಲುವ ಯಂತ್ರದ ರಚನೆಯನ್ನು ತಲೆಯಲ್ಲೇ ಇಟ್ಟುಕೊಂಡು ಅಮೆರಿಕದ ಹಡಗು ಹತ್ತಿದ. ಅಮೆರಿಕ ಅವನನ್ನು ತನ್ನ ಕೈಗಾರಿಕೆಯ ಪಿತಾಮಹ ಎನ್ನುತ್ತದೆ. ಅವನ ಹುಟ್ಟೂರಿನವರು ದ್ರೋಹಿ ಎಂದರು.

ಹಾಗೆಂದು ಇಳಕಲ್‌ಗೆ ಸರ್ಕಾರ ಏನೂ ಮಾಡಿಲ್ಲ ಎನ್ನಲಾಗದು. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಕೆಲವು ಬಗೆಯ ಸೀರೆಗಳನ್ನು ವಿದ್ಯುತ್ ಮಗ್ಗದಲ್ಲಿ ನೇಯುವುದನ್ನೇ ಅಪರಾಧ ಎನ್ನುತ್ತದೆ. ಕಾಯ್ದೆ ಬಂದಾಗ ಗೊತ್ತುಪಡಿಸಿದ್ದ ಶಿಕ್ಷೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಮಗ್ಗಕ್ಕೆ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆರಂಭದಲ್ಲಿ 22 ವಸ್ತುಗಳಿದ್ದ ಮೀಸಲು ಪಟ್ಟಿ ಆಮೇಲೆ 11ಕ್ಕೆ ಇಳಿಯಿತು. 2006ರಲ್ಲಿ ಕೈಮಗ್ಗದ ಬಟ್ಟೆಗೆ ಹಚ್ಚುವ ಗುರುತುಚೀಟಿ ಬಂತು. ಭೌಗೋಳಿಕ ಸೂಚಕದ (ಜಿಐ) ನೋಂದಣಿಯಲ್ಲಿ ಇಳಕಲ್ ಸೀರೆಯ ಸಂಖ್ಯೆ 76.

ಈ ಜಿಐ ಬಗ್ಗೆ ನಮ್ಮ ಭಾಗದಲ್ಲಿ ಅಭಿಮಾನ ಹೆಚ್ಚು, ತಿಳಿವಳಿಕೆ ಕಡಿಮೆ. ಅದು ಕಾಯುವುದು ಹೆಸರನ್ನು. ಇನ್ಯಾವುದೋ ಊರಿನಲ್ಲಿ ಕುಳಿತು ಯಾರಾದರೂ ಕೊಂಡಿ ಹಾಕಿ ಸೀರೆ ನೇಯ್ದು ಬೇರೆ ಹೆಸರಲ್ಲಿ ಮಾರಿದರೆ ಜಿಐ ಕಾಯ್ದೆಗೆ ತಕರಾರಿಲ್ಲ. ಕೊಂಡಿಯೇ ಇಲ್ಲದ ಪಾಲಿಸ್ಟರ್ ಸೀರೆಗೆ ‘ಇಳಕಲ್’ ಎಂದು ಚೀಟಿ ಹಚ್ಚಿದರೆ ಮಾತ್ರ ತಪ್ಪು. ಆ ತಪ್ಪಿಗೆ ಆರು ತಿಂಗಳಿಂದ ಮೂರು ವರ್ಷ ಸೆರೆ, 50,000ದಿಂದ 2 ಲಕ್ಷ ರೂಪಾಯಿ ದಂಡ. ಓದಲು ಬಿಗಿಯಾಗಿಯೇ ಇದೆ.

ಜಾರಿಯ ದಾರಿ ಹೀಗಿದೆ. ಅಂಗಡಿ ಶೋಧಿಸಿ ಮಾಲು ವಶಪಡಿಸಿಕೊಳ್ಳಲು ಡಿವೈಎಸ್ಪಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯೇ ಬೇಕು. ಅವರೂ ಹೋಗುವ ಮೊದಲು ಜಿಐ ರಿಜಿಸ್ಟ್ರಾರರ ಅಭಿಪ್ರಾಯ ಪಡೆದು, ಅದಕ್ಕೆ ಬದ್ಧರಾಗಿರಬೇಕು. ರಿಜಿಸ್ಟ್ರಿ ಇರುವುದು ಚೆನ್ನೈಯಲ್ಲಿ. ದೂರು ಕೊಡಲು ಇಳಕಲ್‌ನ ನೇಕಾರ ಒಂದು ದಿನದ ಮಗ್ಗ ಬಿಡಬೇಕು. ಕಡತ ಚೆನ್ನೈಗೆ ಹೋಗಿ ಬರುವಷ್ಟರಲ್ಲಿ ಮದುವೆಯ ಸೀಸನ್ ಮುಗಿದು, ದೂರಿನಲ್ಲಿದ್ದ ಸೀರೆಗಳು ಖರ್ಚಾಗಿರುತ್ತವೆ.