ಪೋಷಕರ ತಿಳಿವಳಿಕೆ ಕಾರ್ಯಕ್ರಮ: ಅನುಷ್ಠಾನವನ್ನು ಅಳೆಯುವ ವಿಧಾನ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಕರ್ನಾಟಕದಲ್ಲಿ ಇದು ಮೊದಲಿಗೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಜಾರಿಗೆ ಬಂದಿತು. ಪೂರಕ ಪೌಷ್ಟಿಕ ಆಹಾರ ವಿತರಣೆಯೊಂದಿಗೆ, ತಾಯಂದಿರ ಸಭೆ ಹಾಗೂ ಮನೆ ಭೇಟಿಗಳ ಮೂಲಕ ಶಿಶುಪಾಲನೆಯ ತಿಳಿವಳಿಕೆ ನೀಡುವುದೂ ಅಂಗನವಾಡಿ ಕಾರ್ಯಕರ್ತೆಯರ ಕರ್ತವ್ಯವಾಗಿರುತ್ತದೆ. ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡ ಪಟ್ಟಣ ಹಾಗೂ ಸುತ್ತಲಿನ ಗ್ರಾಮಗಳ ಪೋಷಕರು ಈ ಸೇವೆಯನ್ನು ತಮ್ಮ ಅಂಗನವಾಡಿ ಕೇಂದ್ರದಲ್ಲಿ ಉಚಿತವಾಗಿ ಪಡೆಯಬಹುದು.

ಸಭೆಗಳ ಸಂಖ್ಯೆಯೊಂದರಿಂದಲೇ ಕಾರ್ಯಕ್ರಮವು ಸಮರ್ಪಕವಾಗಿ ನಡೆದಿದೆಯೆಂದು ಹೇಳಲಾಗದು. ಈ ಕೆಳಗಿನ ಮೂರು ಅಂಶಗಳನ್ನು ಒಟ್ಟಾಗಿ ನೋಡುವುದು ಅಗತ್ಯ.

1. ವ್ಯಾಪ್ತಿ: ನೋಂದಾಯಿತ ಗರ್ಭಿಣಿಯರು, ಬಾಣಂತಿಯರು ಹಾಗೂ 6 ವರ್ಷದೊಳಗಿನ ಮಕ್ಕಳ ಕುಟುಂಬಗಳ ಪೈಕಿ ಎಷ್ಟು ಕುಟುಂಬಗಳಿಗೆ ಸೇವೆ ತಲುಪಿದೆ?

2. ಗುಣಮಟ್ಟ: ಮಗುವಿನ ವಯಸ್ಸಿಗೆ ತಕ್ಕ ಸಲಹೆ ನೀಡಲಾಗಿದೆಯೇ? ಹುಟ್ಟಿನಿಂದ 3 ವರ್ಷದವರೆಗಿನ ಮಕ್ಕಳಿಗಾಗಿ ಕೇಂದ್ರ ಸರ್ಕಾರವು 2024ರಲ್ಲಿ ಹೊರತಂದ 'ನವಚೇತನ' ಚೌಕಟ್ಟಿನಲ್ಲಿ 140 ಚಟುವಟಿಕೆಗಳನ್ನು ತಿಂಗಳುವಾರು ಸೂಚಿಸಲಾಗಿದೆ. ಅವುಗಳನ್ನು ಪೋಷಕರಿಗೆ ಮಾಡಿ ತೋರಿಸುವುದು ಮುಖ್ಯ.

3. ಪರಿಣಾಮ: ಪೋಷಕರು ಸಲಹೆಯನ್ನು ಮನೆಯಲ್ಲಿ ಅನುಸರಿಸುತ್ತಿದ್ದಾರೆಯೇ? 6 ತಿಂಗಳು ತುಂಬಿದ ಮಗುವಿಗೆ ತಾಯಿಯ ಹಾಲಿನೊಂದಿಗೆ ಮೇಲುಆಹಾರ ಆರಂಭಿಸಲಾಗಿದೆಯೇ?

ಮಗುವಿನ ತೂಕ, ಎತ್ತರ ಹಾಗೂ ಮನೆ ಭೇಟಿಯ ವಿವರಗಳನ್ನು 2021ರಿಂದ 'ಪೋಷಣ್ ಟ್ರ್ಯಾಕರ್' ತಂತ್ರಾಂಶದಲ್ಲಿ ದಾಖಲಿಸಲಾಗುತ್ತಿದೆ. ತೂಕ ಮಾಡದೆ ಅಂದಾಜಿನಲ್ಲಿ ಬರೆದ ಅಂಕಿಯು ಅಪೌಷ್ಟಿಕ ಮಗುವನ್ನು ಆರೋಗ್ಯವಂತ ಮಗುವೆಂದು ತೋರಿಸಬಹುದು. ಆ ಮಗುವಿಗೆ ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ಹೋಗಬಹುದು. ಆದುದರಿಂದ ದಾಖಲೆಗಳನ್ನು ಪೋಷಕರ ಹೇಳಿಕೆಯೊಂದಿಗೆ ತಾಳೆ ನೋಡುವುದು ಅವಶ್ಯಕ.

ಪೋಷಕರು ಗಮನಿಸಬೇಕಾದ ಅಂಶಗಳು:

• ಪ್ರತಿ ತಿಂಗಳು ಮಗುವಿನ ತೂಕವನ್ನು ತಮ್ಮ ಎದುರಿನಲ್ಲಿಯೇ ಮಾಡಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳತಕ್ಕದ್ದು.

• ಪಡೆದ ಸೇವೆಗೆ ಮಾತ್ರ ವಹಿಯಲ್ಲಿ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕತಕ್ಕದ್ದು.

• ದುಡಿಮೆಗಾಗಿ ಗುಳೆ ಹೋಗುವ ಕುಟುಂಬಗಳು ಮುಂಚಿತವಾಗಿ ಕಾರ್ಯಕರ್ತೆಗೆ ತಿಳಿಸತಕ್ಕದ್ದು. ಹೋದ ಊರಿನ ಅಂಗನವಾಡಿಗೆ ನೋಂದಣಿಯನ್ನು ವರ್ಗಾಯಿಸಲು ತಂತ್ರಾಂಶದಲ್ಲಿ ಅವಕಾಶವಿದೆ.

ಸೇವೆಯಲ್ಲಿ ಲೋಪ ಕಂಡುಬಂದಲ್ಲಿ ವಲಯ ಮೇಲ್ವಿಚಾರಕಿಯರಿಗೆ, ತದನಂತರ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಲಿಖಿತವಾಗಿ ದೂರು ಸಲ್ಲಿಸಬಹುದು. ತಮ್ಮ ಕೇಂದ್ರದಲ್ಲಿ ನಡೆದ ಸಭೆ ಹಾಗೂ ಮನೆ ಭೇಟಿಗಳ ಸಂಖ್ಯೆಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಿ ಕೇಳಬಹುದು. ಇಂತಹ ಅರ್ಜಿಗೆ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ.